ರಾಜಭವನದ ಅಭಿಪ್ರಾಯಕ್ಕೆ ತೂಕ ಬರುವುದು ಹೇಗೆ?

ಪಶ್ಚಿಮ ಬೆಂಗಳೂರಿನ ರಾಜಾಜಿನಗರದಲ್ಲಿ ವಾಸಿಸುವ, ವ್ಯಾಪಾರ ಮಾಡುವ, ಅಲ್ಲಿನ ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ದುಡಿಯುವ ಅಸಂಖ್ಯ ಮಂದಿಯಲ್ಲಿ, ಆ ಬಡಾವಣೆಗೆ ಆ ಹೆಸರು ಯಾಕೆ ಬಂತೆಂದು ವಿಚಾರಿಸುವವರು ವಿರಳ. ಸ್ವಾತಂತ್ರ್ಯದ ಬೆನ್ನಿಗೆ ಕೈಗಾರಿಕಾ ಉಪನಗರವಾಗಿ ರೂಪುಗೊಂಡ ಆ ಪ್ರದೇಶ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತುಕೊಂಡಿದೆ. 1878ರಲ್ಲಿ ಹೊಸೂರು ಸಮೀಪದ ತೊರಪ್ಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲರಾಗಿ ಹೆಸರು ಮಾಡಿದ ರಾಜಾಜಿ, 1947ರ ಆಗಸ್ಟ್ 15ರಂದು ಪಶ್ಚಿಮ ಬಂಗಾಳದ ಮೊದಲ ಭಾರತೀಯ ರಾಜ್ಯಪಾಲರಾದರು. 1948ರ ಜೂನ್‌ನಲ್ಲಿ ದೇಶದ ಗವರ್ನರ್ ಜನರಲ್ ಆದರು. ಆ ಪಟ್ಟದಲ್ಲಿ ಕುಳಿತ ಏಕೈಕ ಭಾರತೀಯರೂ ಅವರೇ, ಕೊನೆಯವರೂ ಅವರೇ.

ರಾಜಾಜಿಯವರ ಹೆಸರನ್ನು ನಾವಿಲ್ಲಿ ಎತ್ತಿಕೊಂಡಿರುವುದು ಅವರ ಗುಣಗಾನಕ್ಕಾಗಿ ಅಲ್ಲ. ರಾಜ್ಯಪಾಲರು ಸಾರ್ವಜನಿಕ ನೀತಿಯ ಬಗ್ಗೆ ಅಭಿಪ್ರಾಯ ಹೇಳಬಹುದೇ, ಹೇಳುವುದಾದರೆ ಯಾವ ರೀತಿಯಲ್ಲಿ, ಆ ಅಭಿಪ್ರಾಯಕ್ಕೆ ಚುನಾಯಿತ ಸರಕಾರ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ತಲೆ ಎತ್ತುತ್ತಿದೆ. 2025ರ ಒಂದೇ ವರ್ಷದ ಮೊದಲಾರ್ಧದಲ್ಲಿ ಮೂರು ಕಡತಗಳು ವಿಧಾನಸೌಧಕ್ಕೂ ರಾಜಭವನಕ್ಕೂ ನಡುವೆ ಓಡಾಡಿದವು. ಒಂದು ಸಾಲಗಾರರ ಮನೆಬಾಗಿಲಿಗೆ, ಇನ್ನೊಂದು ಬೆಂಗಳೂರಿನ ಪ್ರತಿ ಬೀದಿಗೆ, ಮೂರನೆಯದು ನೇರವಾಗಿ ಮುಸ್ಲಿಮ್ ಸಮುದಾಯದ ದುಡಿಮೆಗೆ ಸಂಬಂಧಿಸಿದ್ದು. ಆದ್ದರಿಂದ ಇದು ವಕೀಲರಿಗೂ ರಾಜಕಾರಣಿಗಳಿಗೂ ಮಾತ್ರ ಬಿಟ್ಟುಬಿಡಬೇಕಾದ ಚರ್ಚೆಯಲ್ಲ.

ಮೊದಲು ಕಲ್ಕತ್ತದ ಮಾತು. ರಾಜಾಜಿ ಅಲ್ಲಿಗೆ ಹೋದಾಗ ಅವರನ್ನು ಎಲ್ಲರೂ ಸ್ವಾಗತಿಸಿದ್ದರು ಎಂದೇನೂ ಅಲ್ಲ. ಸುಭಾಷ್‌ಚಂದ್ರ ಬೋಸರನ್ನು ವಿರೋಧಿಸಿದವರು, 1944ರಲ್ಲಿ ಮುಸ್ಲಿಮ್ ಲೀಗಿನೊಂದಿಗೆ ರಾಜಿಯ ಸೂತ್ರ ಮುಂದಿಟ್ಟವರು ಎಂಬ ಕಾರಣಕ್ಕೆ ಬಂಗಾಳದ ಹಲವು ನಾಯಕರಿಗೆ ಅವರ ಮೇಲೆ ಸಿಟ್ಟಿತ್ತು. ಅದು ಗಲಭೆಯ ಗಾಯ ಇನ್ನೂ ಮಾಯದಿದ್ದ ನಗರ. ಬೇಲಿಯಾಘಾಟದ ಹೈದರಿ ಮಂಜಿಲ್‌ನಲ್ಲಿ ಗಾಂಧೀಜಿ ಬೀಡುಬಿಟ್ಟಿದ್ದರು. ಸೆಪ್ಟೆಂಬರ್ 1ರಂದು ಮತ್ತೆ ಹಿಂಸೆ ಭುಗಿಲೆದ್ದಾಗ ಗಾಂಧೀಜಿ ಉಪವಾಸಕ್ಕೆ ಕುಳಿತರು. ಗೂಂಡಾಗಳ ವಿರುದ್ಧ ಉಪವಾಸ ಮಾಡಲಾಗುತ್ತದೆಯೇ ಎಂದು ಪ್ರಶ್ನಿಸಿ ತಡೆಯಲು ಯತ್ನಿಸಿದವರು ಇದೇ ರಾಜ್ಯಪಾಲ. ಗಾಂಧೀಜಿ ಒಪ್ಪಲಿಲ್ಲ. ನಾಲ್ಕನೇ ದಿನ ನಗರ ಶಾಂತವಾಯಿತು. ಸ್ವಾತಂತ್ರ್ಯವನ್ನು ತಂದುಕೊಟ್ಟದ್ದಕ್ಕಿಂತಲೂ ಕಲ್ಕತ್ತದಲ್ಲಿ ಕೆಡುಕಿನ ಮೇಲೆ ಗಾಂಧೀಜಿ ಸಾಧಿಸಿದ ಗೆಲುವು ದೊಡ್ಡದು ಎಂದು ರಾಜಾಜಿ ಅನಂತರ ಹೇಳಿದರು. ತನ್ನ ವಾದ ಸೋತದ್ದನ್ನು, ಯಾವ ಅಧಿಕಾರವೂ ಇಲ್ಲದ ಒಬ್ಬ ವೃದ್ಧನ ಮುಂದೆ ರಾಜಭವನದ ಪೊಲೀಸು ಬಲ ಸಣ್ಣದಾಗಿ ಕಂಡದ್ದನ್ನು ಒಪ್ಪಿಕೊಳ್ಳಲು ಒಬ್ಬ ರಾಜ್ಯಪಾಲನಿಗೆ ಸಾಧ್ಯವಾಯಿತೆಂಬುದೇ ನಾಯಕತ್ವದ ಮೊದಲ ಪಾಠ.

ಆದರೆ ಇದೇ ರಾಜಾಜಿಯವರ ಬದುಕಿನಲ್ಲಿ ರಾಜ್ಯಪಾಲರ ಅಧಿಕಾರಕ್ಕೆ ಇನ್ನೆರಡು ಮುಖಗಳೂ ಇವೆ. 1937ರ ಪ್ರಾಂತೀಯ ಚುನಾವಣೆಯಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ ಭಾರೀ ಬಹುಮತ ಗಳಿಸಿತ್ತು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳೂ ಆಗ ಆ ಪ್ರಾಂತದಲ್ಲೇ ಇದ್ದವು. ಹಾಗಿದ್ದೂ ಕಾಂಗ್ರೆಸ್ ಕೂಡಲೇ ಸರಕಾರ ರಚಿಸಲಿಲ್ಲ. ದಿನನಿತ್ಯದ ಆಡಳಿತದಲ್ಲಿ ಗವರ್ನರುಗಳು ತಮ್ಮ ವಿಶೇಷಾಧಿಕಾರ ಬಳಸಿ ಮೂಗು ತೂರಿಸಬಾರದು ಎಂಬ ಭರವಸೆ ಮೊದಲು ಬೇಕು ಎಂದು ಪಟ್ಟು ಹಿಡಿಯಿತು. ವೈಸ್‌ರಾಯ್ ಲಿನ್‌ಲಿತ್‌ಗೋ ಸಮಾಧಾನದ ಮಾತು ಆಡಿದ ಬಳಿಕವೇ ಜುಲೈನಲ್ಲಿ ರಾಜಾಜಿ ಅಧಿಕಾರ ವಹಿಸಿಕೊಂಡರು. ಜನರು ಆರಿಸಿದ ಮಂತ್ರಿಮಂಡಲದ ತಲೆಯ ಮೇಲೆ ಲಂಡನ್ನಿನಿಂದ ಬಂದ ಗವರ್ನರ್ ಕುಳಿತಿರಬಾರದು ಎಂಬುದು ಅಂದಿನ ವಾದ.

ಹದಿನೈದು ವರ್ಷಗಳ ಬಳಿಕ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅದೇ ಮದ್ರಾಸಿನ 375 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು 152 ಮಾತ್ರ. ಟಿ. ಪ್ರಕಾಶಂ ನೇತೃತ್ವದ ಸಂಯುಕ್ತ ರಂಗ ತನಗೆ ಬಹುಮತವಿದೆ ಎಂದು ಹೇಳಿಕೊಂಡಿತು. ಆದರೆ ರಾಜ್ಯಪಾಲ ಶ್ರೀಪ್ರಕಾಶರು ಕರೆದದ್ದು ರಾಜಾಜಿಯವರನ್ನು. ಚುನಾವಣೆಗೇ ನಿಲ್ಲದಿದ್ದ ಅವರನ್ನು ವಿಧಾನಪರಿಷತ್ತಿಗೆ ನಾಮಕರಣ ಮಾಡಿ ಮುಖ್ಯಮಂತ್ರಿ ಮಾಡಲಾಯಿತು. ಸ್ವತಂತ್ರ ಭಾರತದಲ್ಲಿ ರಾಜ್ಯಪಾಲರ ವಿವೇಚನೆಯ ಬಗೆಗಿನ ಮೊದಲ ದೊಡ್ಡ ವಿವಾದವದು. ರಾಜ್ಯಪಾಲರ ಅಧಿಕಾರವನ್ನು ಅನುಮಾನದಿಂದ ನೋಡಿದ್ದವರೇ ಅದರ ಫಲಾನುಭವಿಯಾದರು. ಇದನ್ನು ನಾವು ಹಂಗಿಸಲು ಹೇಳುತ್ತಿಲ್ಲ. ಅಧಿಕಾರದ ಯಾವ ಬದಿಯಲ್ಲಿ ನಿಂತಿದ್ದೇವೆ ಎಂಬುದನ್ನು ಅವಲಂಬಿಸಿ ನ್ಯಾಯದ ಅಳತೆಗೋಲು ಉದ್ದವೂ ಗಿಡ್ಡವೂ ಆಗುತ್ತದೆ ಎಂಬುದಕ್ಕೆ ಸಜ್ಜನರೂ ಹೊರತಲ್ಲ.

ಮುಖ್ಯಮಂತ್ರಿಯಾಗಿ ಅವರು ಕೈಗೊಂಡ ಎರಡು ತೀರ್ಮಾನಗಳನ್ನೂ ಇಲ್ಲಿ ನೆನೆಯಬೇಕು. 1952ರಲ್ಲಿ ಆಹಾರಧಾನ್ಯಗಳ ಮೇಲಿನ ನಿಯಂತ್ರಣವನ್ನು ಅವರು ಧೈರ್ಯದಿಂದ ತೆಗೆದುಹಾಕಿದರು. ಬೆಲೆ ಗಗನಕ್ಕೇರುತ್ತದೆ ಎಂಬ ಎಚ್ಚರಿಕೆ ಸುಳ್ಳಾಯಿತು, ಜನ ನಿಟ್ಟುಸಿರು ಬಿಟ್ಟರು. ಮರುವರ್ಷ ಅದೇ ಆತ್ಮವಿಶ್ವಾಸದಿಂದ ಪ್ರಾಥಮಿಕ ಶಿಕ್ಷಣದ ಹೊಸ ಯೋಜನೆ ತಂದರು. ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಕಲಿಯುವುದು, ಉಳಿದ ಹೊತ್ತು ಮನೆಯ ಕಸುಬು ಕಲಿಯುವುದು. ಇರುವಷ್ಟೇ ಶಾಲೆಗಳಲ್ಲಿ ಹೆಚ್ಚು ಮಕ್ಕಳಿಗೆ ಜಾಗ ದೊರಕಲಿ ಎಂಬುದು ಅವರ ಲೆಕ್ಕ. ಕ್ಷೌರಿಕನ ಮಗ ಕ್ಷೌರಿಕನಾಗಿಯೇ, ಚಮ್ಮಾರನ ಮಗ ಚಮ್ಮಾರನಾಗಿಯೇ ಉಳಿಯಬೇಕೇ ಎಂದು ಹಿಂದುಳಿದವರು ಕೇಳಿದ ಪ್ರಶ್ನೆ ಆ ಲೆಕ್ಕದಲ್ಲಿ ಇರಲೇ ಇಲ್ಲ. ವಿರೋಧ ಬೆಳೆಯಿತು, 1954ರಲ್ಲಿ ಅವರು ಕೆಳಗಿಳಿದರು, ಬಳಿಕ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಬುದ್ಧಿವಂತಿಕೆಯೂ ಪ್ರಾಮಾಣಿಕತೆಯೂ ಇದ್ದ ಮಾತ್ರಕ್ಕೆ ಒಬ್ಬರ ನೀತಿ ಸರಿಯಾಗಿರಬೇಕಿಲ್ಲ. ಯಾರ ಬದುಕಿಗೆ ಅದು ತಟ್ಟುವುದೋ ಅವರ ಧ್ವನಿಗೆ ಅದನ್ನು ತಡೆಯುವ ಶಕ್ತಿ ಇರಬೇಕು. ವಿಧಾನಸಭೆ ಇರುವುದು ಅದಕ್ಕಾಗಿಯೇ.

ಸಂವಿಧಾನ ರಚನಾ ಸಭೆಗೂ ಈ ಸತ್ಯ ಗೊತ್ತಿತ್ತು. ಕರಡಿನಲ್ಲಿ ರಾಜ್ಯಪಾಲರನ್ನು ಜನರೇ ಚುನಾಯಿಸುವ ಪ್ರಸ್ತಾವವಿತ್ತು. ಹಾಗೆ ಮಾಡಿದರೆ ಒಂದೇ ರಾಜ್ಯದಲ್ಲಿ ಜನಾದೇಶ ಪಡೆದ ಇಬ್ಬರು ಒಡೆಯರು ಹುಟ್ಟಿಕೊಂಡು ಜಗಳ ತಪ್ಪದು ಎಂಬ ಕಾರಣಕ್ಕೆ 1949ರಲ್ಲಿ ಅದನ್ನು ಬಿಟ್ಟು ರಾಷ್ಟ್ರಪತಿಯವರಿಂದ ನೇಮಕದ ವ್ಯವಸ್ಥೆಯನ್ನು ಒಪ್ಪಲಾಯಿತು. ರಾಜ್ಯಪಾಲರು ತಾವಾಗಿಯೇ ನಿರ್ವಹಿಸಬಹುದಾದ ಅಧಿಕಾರವೇನೂ ಇಲ್ಲ, ಮಂತ್ರಿಮಂಡಲಕ್ಕೆ ಸಲಹೆ ಕೊಡುವ, ಎಚ್ಚರಿಸುವ, ಮರುಪರಿಶೀಲನೆಗೆ ಕೇಳುವ ಕರ್ತವ್ಯವಷ್ಟೇ ಅವರದು ಎಂದು ಡಾ. ಅಂಬೇಡ್ಕರ್ ಅಂದೇ ವಿವರಿಸಿದ್ದರು. ಚುನಾಯಿತರಲ್ಲದ ಕಾರಣಕ್ಕೇ ಅವರಿಗೆ ನಿರ್ಧರಿಸುವ ಹಕ್ಕು ಇಲ್ಲ. ಚುನಾವಣೆಯ ಹಂಗಿಲ್ಲದ ಕಾರಣಕ್ಕೇ ನಿಷ್ಪಕ್ಷವಾಗಿ ಸಲಹೆ ಹೇಳುವ ಅನುಕೂಲ ಅವರಿಗಿದೆ.

ಈ ಗೆರೆ ದಾಟಿದರೆ ಏನಾಗುತ್ತದೆ ಎಂಬುದನ್ನು ದೇಶಕ್ಕೆ ಕಲಿಸಿಕೊಟ್ಟದ್ದು ಕರ್ನಾಟಕವೇ. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿಯವರ ಸರಕಾರಕ್ಕೆ ಕೊಟ್ಟ ಬೆಂಬಲವನ್ನು ಹಿಂದೆಗೆದುಕೊಂಡಿದ್ದೇವೆ ಎಂಬ 19 ಪತ್ರಗಳು 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರು ಕೂಡಲೇ ದಿಲ್ಲಿಗೆ ವರದಿ ಕಳಿಸಿದರು. ಅಷ್ಟರಲ್ಲಿ 7 ಮಂದಿ ಶಾಸಕರು, ತಮ್ಮನ್ನು ದಾರಿತಪ್ಪಿಸಿ ಸಹಿ ಪಡೆಯಲಾಗಿದೆ, ನಾವು ಸರಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಸದನ ಕರೆಯುತ್ತೇನೆ, ಬಹುಮತ ಅಲ್ಲೇ ಸಾಬೀತಾಗಲಿ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜಭವನ ಒಪ್ಪಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಹೈಕೋರ್ಟಿನಲ್ಲೂ ಬೊಮ್ಮಾಯಿಯವರಿಗೆ ನ್ಯಾಯ ದೊರಕಲಿಲ್ಲ.

ಸುಪ್ರೀಮ್ ಕೋರ್ಟಿನ 9 ನ್ಯಾಯಾಧೀಶರ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತಿತು. ಬಹುಮತ ಎಣಿಸಬೇಕಾದದ್ದು ಸದನದ ಅಂಗಣದಲ್ಲಿ, ರಾಜ್ಯಪಾಲರ ಕೊಠಡಿಯಲ್ಲಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಇದೇ ತೀರ್ಪು, 1992ರ ಡಿಸೆಂಬರ್ 6ರ ಬಾಬರಿ ಮಸೀದಿ ಧ್ವಂಸದ ಬಳಿಕ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರಕಾರಗಳನ್ನು ವಜಾ ಮಾಡಿದ್ದನ್ನು ಎತ್ತಿಹಿಡಿಯಿತು ಮತ್ತು ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗವೆಂದು ಸಾರಿತು. ಹುಬ್ಬಳ್ಳಿಯ ಒಬ್ಬ ವಕೀಲ ಕಳೆದುಕೊಂಡ ಕುರ್ಚಿ ಅವರಿಗೆ ಮರಳಿ ಸಿಗಲೇ ಇಲ್ಲ. ಅಷ್ಟರಲ್ಲಿ ಚುನಾವಣೆ ನಡೆದು ಬೇರೆ ಸರಕಾರ ಬಂದು ಐದು ವರ್ಷ ಸಮೀಪಿಸಿತ್ತು. ಆದರೆ ಅವರ ಹೋರಾಟದ ಫಲವನ್ನು ಇಂದು ದೇಶದ ಪ್ರತಿಯೊಂದು ರಾಜ್ಯ ಉಣ್ಣುತ್ತಿದೆ. 2018ರ ಮೇಯಲ್ಲಿ 104 ಸ್ಥಾನ ಗಳಿಸಿದ್ದ ಬಿಜೆಪಿಯ ಯಡಿಯೂರಪ್ಪನವರಿಗೆ ರಾಜ್ಯಪಾಲ ವಜೂಭಾಯಿ ವಾಲಾ ಬಹುಮತ ಸಾಬೀತಿಗೆ 15 ದಿನ ಕೊಟ್ಟಾಗ, ನಡುರಾತ್ರಿ ಬಾಗಿಲು ತೆರೆದ ಸುಪ್ರೀಮ್ ಕೋರ್ಟು ಮೇ 19ಕ್ಕೇ ವಿಶ್ವಾಸಮತಕ್ಕೆ ಆದೇಶಿಸಿದ್ದರ ಹಿಂದೆ ಇದ್ದದ್ದು ಬೊಮ್ಮಾಯಿ ತೀರ್ಪಿನ ಬಲ. ಮತ ಹಾಕುವ ಮೊದಲೇ ಆ ಸರಕಾರ ರಾಜೀನಾಮೆ ಇತ್ತಿತು.

ಇಲ್ಲಿ ರಾಜಕೀಯ ಪಕ್ಷಗಳ ನಡವಳಿಕೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2011ರ ಜನವರಿಯಲ್ಲಿ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರು ಮುಖ್ಯಮಂತ್ರಿ ಯಡಿಯೂರಪ್ಪನವರ ವಿರುದ್ಧ ಮೊಕದ್ದಮೆಗೆ ಅನುಮತಿ ಕೊಟ್ಟಾಗ, ಆಡಳಿತ ಪಕ್ಷವೇ ರಾಜ್ಯ ಬಂದ್‌ಗೆ ಕರೆಕೊಟ್ಟಿತು. ರಾಜ್ಯಪಾಲರು ಕಾಂಗ್ರೆಸ್ಸಿನ ಏಜೆಂಟ್ ಎಂದಿತು. ಕಾಂಗ್ರೆಸ್ಸಿಗೆ ಆಗ ರಾಜಭವನ ನ್ಯಾಯದ ಮಂದಿರವಾಗಿ ಕಂಡಿತು. 2024ರ ಆಗಸ್ಟ್‌ನಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರು ಮುಡಾ ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವಿರುದ್ಧ ಅನುಮತಿ ಕೊಟ್ಟಾಗ ಸಂಭಾಷಣೆ ಅದೇ, ಪಾತ್ರಧಾರಿಗಳು ಮಾತ್ರ ಅದಲುಬದಲು. ಆ ಅನುಮತಿಯನ್ನು ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ರಾಜ್ಯಪಾಲರ ಹುದ್ದೆಯ ಘನತೆಯ ಬಗ್ಗೆ ಯಾವ ಪಕ್ಷಕ್ಕೂ ಸ್ಥಿರವಾದ ನಿಲುವಿಲ್ಲ. ದಿಲ್ಲಿಯಲ್ಲಿ ಯಾರಿದ್ದಾರೆ, ಬೆಂಗಳೂರಿನಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅವರ ತತ್ವ ತೀರ್ಮಾನವಾಗುತ್ತದೆ. ಜನರು ಇದಕ್ಕೆ ತಾಳ ಹಾಕಬೇಕಾಗಿಲ್ಲ.

ಹಾಗಾದರೆ ರಾಜ್ಯಪಾಲರ ಅಭಿಪ್ರಾಯಕ್ಕೆ ಬೆಲೆಯೇ ಇಲ್ಲವೇ? ಇದೆ ಎಂಬುದನ್ನು 2025ರ ಮೊದಲ ಎರಡು ಕಡತಗಳು ತೋರಿಸುತ್ತವೆ. ಮೈಕ್ರೋ ಫೈನಾನ್ಸ್ ಸಂಸ್ಥೆಗಳ ವಸೂಲಿ ಕಿರುಕುಳ ತಾಳಲಾರದೆ ಜನರು ಊರು ಬಿಡುತ್ತಿದ್ದ, ಜೀವ ಕಳೆದುಕೊಳ್ಳುತ್ತಿದ್ದ ಸುದ್ದಿಗಳ ನಡುವೆ ಸರಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯ ಕರಡನ್ನು ರಾಜಭವನಕ್ಕೆ ಕಳಿಸಿತು. ರಾಜ್ಯಪಾಲರು ಅದನ್ನು ಹಿಂತಿರುಗಿಸಿದರು. 10 ವರ್ಷ ಜೈಲು, 5 ಲಕ್ಷ ರೂಪಾಯಿ ದಂಡ ಅತಿಯಾಯಿತಲ್ಲವೇ, ಪ್ರಾಮಾಣಿಕವಾಗಿ ಸಾಲ ಕೊಡುವವರೂ ಹೆದರಿ ಹಿಂದೆ ಸರಿದರೆ ಬಡವರಿಗೆ ಸಾಲ ಕೊಡುವವರು ಯಾರು ಎಂಬ ಪ್ರಶ್ನೆಗಳನ್ನು ಎತ್ತಿದರು. ಸರಕಾರ ತನ್ನ ಸಮಜಾಯಿಷಿ ಕೊಟ್ಟಿತು. ಕೆಲವೇ ದಿನಗಳಲ್ಲಿ ಅಂಕಿತ ಬಿತ್ತು. ಆ ಪ್ರಶ್ನೆಗಳೆಲ್ಲವನ್ನೂ ನಾವು ಒಪ್ಪುವುದಿಲ್ಲ. ವಾರದ ಕಂತು ಕಟ್ಟಲಾಗದ ತಾಯಂದಿರ ಮನೆಬಾಗಿಲಲ್ಲಿ ನಿಂತು ಅವಮಾನಿಸುವವರಿಗೆ ಕಠಿಣ ಕಾನೂನಿನ ಭಯವೇ ಬೇಕಿತ್ತು. ಬಡ್ಡಿಯ ಹೊರೆಯ ಕೆಳಗೆ ನಲುಗುತ್ತಿರುವವರಲ್ಲಿ ನಮ್ಮ ಮೊಹಲ್ಲಾಗಳ ಹೆಣ್ಣುಮಕ್ಕಳ ಸಂಖ್ಯೆ ಸಣ್ಣದಲ್ಲ. ಆದರೆ ರಾಜ್ಯಪಾಲರು ಮಾಡಿದ ರೀತಿ ಸಂವಿಧಾನಕ್ಕೆ ಒಪ್ಪುವಂಥದ್ದು. ಅಭಿಪ್ರಾಯವನ್ನು ಬರಹದಲ್ಲಿ ಹೇಳಿದರು, ಕಾರಣ ಕೊಟ್ಟರು, ಉತ್ತರ ಕೇಳಿದರು, ಕೊನೆಗೆ ಚುನಾಯಿತ ಸರಕಾರದ ತೀರ್ಮಾನಕ್ಕೆ ಸಹಿ ಹಾಕಿದರು.

ಎರಡನೆಯದು ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ನಿವಾಸಿಗಳಿಗೆ ಇದು ಕಸ, ಚರಂಡಿ, ಬೀದಿದೀಪಗಳ ಪ್ರಶ್ನೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಬಳಿಕ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಮನೆಯ ಮುಂದಿನ ಗುಂಡಿಯ ಬಗ್ಗೆ ದೂರಲು ಕಾರ್ಪೊರೇಟರೇ ಇಲ್ಲದ ಆ ದಿನಗಳಲ್ಲೇ, ನಗರವನ್ನು ಹಲವು ಪಾಲಿಕೆಗಳಾಗಿ ವಿಭಜಿಸಿ ಮೇಲೊಂದು ಪ್ರಾಧಿಕಾರ ಕೂರಿಸುವ ವಿಧೇಯಕಕ್ಕೆ 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಇದು ಸಂವಿಧಾನದ 74ನೇ ತಿದ್ದುಪಡಿ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಸ್ವಾಯತ್ತೆಯನ್ನು ಕುಗ್ಗಿಸುತ್ತದೆ ಎಂಬ ನಾಗರಿಕ ಸಂಘಟನೆಗಳ ಆಕ್ಷೇಪವನ್ನು ರಾಜ್ಯಪಾಲರು ಸರಕಾರದ ಮುಂದಿಟ್ಟು ಸ್ಪಷ್ಟನೆ ಕೇಳಿದರು. ಉತ್ತರ ಬಂತು, ಏಪ್ರಿಲ್‌ನಲ್ಲಿ ಅಂಕಿತ ಬಿತ್ತು. ಪಾಲಿಕೆ ಐದಾಯಿತು. ಜನರ ಅಹವಾಲನ್ನು ಸರಕಾರದ ಕಿವಿಗೆ ಇನ್ನೊಂದು ಬಾರಿ ಮುಟ್ಟಿಸುವುದು ರಾಜಭವನದ ಸಹಜ ಕೆಲಸ. ಅದನ್ನು ಸರಕಾರ ಅಡ್ಡಗಾಲೆಂದು ಭಾವಿಸಬೇಕಿಲ್ಲ.

ಮೂರನೆಯ ಕಡತದ ಹಾದಿ ಬೇರೆ. ಸರಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ, ಪ್ರವರ್ಗ 1 ಮತ್ತು 2ಎಗೆ ಮೀಸಲಾತಿ ಮೊದಲೇ ಇತ್ತು. 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಅದಕ್ಕೆ ತಿದ್ದುಪಡಿ ತಂದು ಪ್ರವರ್ಗ 2ಬಿಗೆ ಶೇ. 4ರಷ್ಟು ಪಾಲು ಸೇರಿಸಿತು. 2 ಕೋಟಿ ರೂಪಾಯಿ ವರೆಗಿನ ಕಾಮಗಾರಿಗಳಿಗೆ ಮಾತ್ರ ಇದು ಅನ್ವಯ. ಅಂದರೆ ಲಾಭ ಸಿಗಬೇಕಾದದ್ದು ರಸ್ತೆ ಬದಿಯ ಚರಂಡಿ ಕಟ್ಟಿಸುವ, ಶಾಲೆಗೆ ಬಣ್ಣ ಬಳಿಸುವ ಸಣ್ಣ ಗುತ್ತಿಗೆದಾರರಿಗೆ. ಏಪ್ರಿಲ್‌ನಲ್ಲಿ ರಾಜ್ಯಪಾಲರು ವಿಧೇಯಕವನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾದಿರಿಸಿದರು. ಧರ್ಮದ ಆಧಾರದಲ್ಲಿ ಮೀಸಲಾತಿಗೆ ಸಂವಿಧಾನದಲ್ಲಿ ಅವಕಾಶವಿಲ್ಲ ಎಂಬುದು ಅವರು ಕೊಟ್ಟ ಕಾರಣ.

ಕಾದಿರಿಸುವ ಅಧಿಕಾರ ಸಂವಿಧಾನದ 200ನೇ ವಿಧಿಯಲ್ಲಿದೆ. ಅದನ್ನು ಬಳಸಿದ್ದೇ ತಪ್ಪು ಎಂದು ನಾವು ಹೇಳಲಾರೆವು. ಪ್ರಶ್ನೆಯೂ ನಿರಾಧಾರವಲ್ಲ. ಆಂಧ್ರಪ್ರದೇಶದ ಹೈಕೋರ್ಟು ಅಲ್ಲಿನ ಮುಸ್ಲಿಮ್ ಮೀಸಲಾತಿಯನ್ನು ರದ್ದುಪಡಿಸಿದ್ದೂ ಇದೆ. ಆದರೆ ಕರ್ನಾಟಕದ ಚರಿತ್ರೆ ಬೇರೆಯೇ ಇದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರೆಂದು ಗುರುತಿಸಿದವರಲ್ಲಿ ಮುಸ್ಲಿಮರೂ ಇದ್ದರು. 1990ರಲ್ಲಿ ನ್ಯಾ. ಚಿನ್ನಪ್ಪ ರೆಡ್ಡಿ ಆಯೋಗವೂ ಅವರ ಹಿಂದುಳಿದಿರುವಿಕೆಯನ್ನು ದಾಖಲಿಸಿತು. 1995ರಲ್ಲಿ ದೇವೇಗೌಡರ ಸರಕಾರ 2ಬಿ ಪ್ರವರ್ಗವನ್ನು ಜಾರಿಗೊಳಿಸಿತು. 2023ರ ಮಾರ್ಚ್‌ನಲ್ಲಿ ಬಸವರಾಜ ಬೊಮ್ಮಾಯಿ ಸರಕಾರ ಚುನಾವಣೆಯ ಹೊಸ್ತಿಲಲ್ಲಿ ಅದನ್ನು ಕಿತ್ತುಹಾಕಲು ಹೊರಟು, ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ ಸದ್ಯ ಜಾರಿ ಮಾಡುವುದಿಲ್ಲ ಎಂದು ಮಾತು ಕೊಡಬೇಕಾಯಿತು. ಈ ನೂರು ವರ್ಷಗಳ ದಾಖಲೆಯ ತಳಹದಿ ಶಾಲೆಯಲ್ಲಿ, ಕಚೇರಿಯಲ್ಲಿ, ದುಡಿಮೆಯಲ್ಲಿ ಹಿಂದೆ ಬಿದ್ದಿರುವಿಕೆಯೇ ಹೊರತು ಧರ್ಮವಲ್ಲ. ಒಂದು ಸಮುದಾಯ ಮುಸ್ಲಿಮ್ ಎಂಬುದಕ್ಕಾಗಿ ಮೀಸಲಾತಿ ಕೊಡಬಾರದೆಂಬುದು ಸರಿಯಾದರೆ, ಮುಸ್ಲಿಮ್ ಎಂಬುದಕ್ಕಾಗಿ ಅದರ ಹಿಂದುಳಿದಿರುವಿಕೆಯನ್ನು ಕಾಣದಂತಿರುವುದೂ ಸರಿಯಲ್ಲ. ಕೇಂದ್ರದಲ್ಲಿ ಏಳು ವರ್ಷ ಸಾಮಾಜಿಕ ನ್ಯಾಯ ಸಚಿವರಾಗಿದ್ದ ಗೆಹ್ಲೋಟ್ ಅವರಿಗೆ ಈ ವ್ಯತ್ಯಾಸ ತಿಳಿಯದ್ದೇನಲ್ಲ.

ಮೊದಲೆರಡು ಕಡತಗಳಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆದ ರಾಜಭವನ, ಮೂರನೆಯದನ್ನು ದಿಲ್ಲಿಗೆ ಕಳಿಸಿದಾಗ ಚರ್ಚೆ ರಾಜ್ಯದ ಕೈಯಿಂದ ಜಾರಿತು. ಬೆಂಗಳೂರಿನಲ್ಲಿ ಉತ್ತರ ಕೊಡಬೇಕಾದವರು ಮತದಾರರಿಗೆ ಸಿಗುತ್ತಾರೆ. ದಿಲ್ಲಿಯಲ್ಲಿ ಮಲಗಿದ ಕಡತವನ್ನು ಎಬ್ಬಿಸಲು ವಿಜಯನಗರದ ಸಣ್ಣ ಗುತ್ತಿಗೆದಾರ ಯಾರ ಬಾಗಿಲು ತಟ್ಟಬೇಕು?

ಈ ಕಾಯುವಿಕೆಗೆ ಗಡುವು ಇರಬೇಕೆಂಬ ಆಸೆ 2025ರ ಏಪ್ರಿಲ್ 8ರಂದು ಚಿಗುರಿತ್ತು. ತಮಿಳುನಾಡಿನ 10 ವಿಧೇಯಕಗಳನ್ನು ತಡೆಹಿಡಿದ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠ ರಾಜ್ಯಪಾಲರಿಗೂ ರಾಷ್ಟ್ರಪತಿಯವರಿಗೂ ಕಾಲಮಿತಿ ಹಾಕಿತು. ಆದರೆ ನವೆಂಬರ್ 20ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠ, ನ್ಯಾಯಾಲಯ ಅಂಥ ಗಡುವು ವಿಧಿಸಲಾಗದು, ಅಂಕಿತ ಬಿದ್ದಿದೆಯೆಂದು ತಾನೇ ಭಾವಿಸಿಕೊಳ್ಳಲೂ ಆಗದು ಎಂದು ಅಭಿಪ್ರಾಯಪಟ್ಟಿತು. ಜೊತೆಗೇ, ಕಾರಣವಿಲ್ಲದೆ ವಿಧೇಯಕದ ಮೇಲೆ ಅನಿರ್ದಿಷ್ಟ ಕಾಲ ಕುಳಿತಿರುವಂತಿಲ್ಲ, ಹಿಂತಿರುಗಿಸದೆ ಸುಮ್ಮನೆ ತಡೆಹಿಡಿಯುವಂತಿಲ್ಲ ಎಂದೂ ಹೇಳಿತು. ಗಡಿಯಾರವನ್ನು ಕೋರ್ಟು ಕಟ್ಟಲಿಲ್ಲ. ಆತ್ಮಸಾಕ್ಷಿಯ ಗಡಿಯಾರವನ್ನು ನಂಬಿತು.

ಆ ಗಡಿಯಾರ ನಡೆಯಬೇಕಾದರೆ ನೇಮಕದ ರೀತಿ ಬದಲಾಗಬೇಕು. 1983ರಲ್ಲಿ ರಚನೆಯಾಗಿ 1988ರಲ್ಲಿ ವರದಿ ಕೊಟ್ಟ ಸರ್ಕಾರಿಯಾ ಆಯೋಗ, ರಾಜ್ಯಪಾಲರಾಗುವವರು ಸಕ್ರಿಯ ರಾಜಕಾರಣದಿಂದ ದೂರವಿದ್ದವರಾಗಿರಬೇಕು, ನೇಮಕದ ಮೊದಲು ಮುಖ್ಯಮಂತ್ರಿಯೊಂದಿಗೆ ಸಮಾಲೋಚಿಸಬೇಕು ಎಂದು ಹೇಳಿತ್ತು. ಕಾಂಗ್ರೆಸ್ಸೂ ಅದನ್ನು ಕಪಾಟಿನಲ್ಲಿಟ್ಟಿತು, ಬಿಜೆಪಿಯೂ ಕಪಾಟು ತೆರೆಯಲಿಲ್ಲ. ಎರಡೂ ಪಕ್ಷಗಳು ರಾಜಭವನವನ್ನು ನಿವೃತ್ತ ನಾಯಕರ ತಂಗುದಾಣವಾಗಿ, ಕೆಲವೊಮ್ಮೆ ಕೇಂದ್ರದ ಠಾಣೆಯಾಗಿ ಬಳಸಿಕೊಂಡಿವೆ. ಹೀಗೆ ಬಂದವರು ನೀತಿಯ ಬಗ್ಗೆ ಎಷ್ಟು ಒಳ್ಳೆಯ ಮಾತಾಡಿದರೂ ಜನ ಮೊದಲು ನೋಡುವುದು ಅವರು ಯಾವ ಪಕ್ಷದಿಂದ ಬಂದವರು ಎಂಬುದನ್ನೇ. ಮಾತಿಗೆ ತೂಕ ಬರುವುದು ಹುದ್ದೆಯಿಂದಲ್ಲ, ಆಡುವವರ ಮೇಲಿನ ವಿಶ್ವಾಸದಿಂದ.

ರಾಜ್ಯ ಸರಕಾರಕ್ಕೂ ನಾವು ಕೇಳಬೇಕಾದದ್ದಿದೆ. ಗುತ್ತಿಗೆಯ ಮೀಸಲಾತಿ ನಿಜವಾಗಿಯೂ ಜಾರಿಯಾಗಬೇಕೆಂಬ ಕಾಳಜಿ ಇದ್ದರೆ, ಸರಕಾರಿ ಕಾಮಗಾರಿಗಳಲ್ಲಿ 2ಬಿ ಗುತ್ತಿಗೆದಾರರ ಪಾಲು ಈಗ ಎಷ್ಟಿದೆ ಎಂಬ ಅಂಕಿಅಂಶವನ್ನು ಇಲಾಖಾವಾರು ಪ್ರಕಟಿಸಲಿ. ಹಿಂದುಳಿದಿರುವಿಕೆಯ ವಾದ ಗೆಲ್ಲಬೇಕಾದದ್ದು ಘೋಷಣೆಯಿಂದಲ್ಲ, ದಾಖಲೆಯಿಂದ. ವಿಧೇಯಕ ದಿಲ್ಲಿಯಲ್ಲಿರುವುದನ್ನೇ ಮುಂದಿನ ಚುನಾವಣೆಯ ಭಾಷಣಕ್ಕೆ ಬಂಡವಾಳ ಮಾಡಿಕೊಂಡರೆ ಅದು ಸಮುದಾಯಕ್ಕೆ ಮಾಡುವ ಎರಡನೆಯ ಅನ್ಯಾಯ.

ಕೊನೆಯದಾಗಿ, ನಾಯಕತ್ವದ ಪ್ರಶ್ನೆ ರಾಜಭವನ, ವಿಧಾನಸೌಧಗಳಲ್ಲಿ ಮುಗಿಯುವುದಿಲ್ಲ. ನಮ್ಮ ಮಸೀದಿ ಕಮಿಟಿಗಳಲ್ಲಿ, ಶಿಕ್ಷಣ ಸಂಸ್ಥೆಗಳಲ್ಲಿ, ಮೊಹಲ್ಲಾ ಸಂಘಗಳಲ್ಲಿ ವರ್ಷಕ್ಕೊಮ್ಮೆ ಲೆಕ್ಕಪತ್ರ ಓದಿಹೇಳುವ ಪದ್ಧತಿ ಎಷ್ಟು ಕಡೆ ಉಳಿದಿದೆ? ಪದಾಧಿಕಾರಿಗಳನ್ನು ಪ್ರಶ್ನಿಸಿದವರನ್ನು ನಾವು ಹಿತೈಷಿಗಳೆಂದು ಕಾಣುತ್ತೇವೆಯೋ, ಫಿತ್ನಾಕೋರರೆಂದು ದೂರವಿಡುತ್ತೇವೆಯೋ? ರಾಜ್ಯಪಾಲರು ಕಾರಣ ಕೊಡಬೇಕೆಂದು ಬಯಸುವ ನಾವು, ನಮ್ಮ ಕಮಿಟಿಯ ಅಧ್ಯಕ್ಷರಿಂದಲೂ ಕಾರಣ ಕೇಳುವ ಧೈರ್ಯ ತೋರಬೇಕು. ಗುತ್ತಿಗೆಯಲ್ಲಿ ಶೇ. 4 ಪಾಲು ನಾಳೆಯೇ ದೊರೆತರೂ, ನೋಂದಣಿ ಮಾಡಿಸಿಕೊಂಡು, ಜಿಎಸ್‌ಟಿ ಲೆಕ್ಕ ಇಟ್ಟು, ಟೆಂಡರು ಭರ್ತಿ ಮಾಡಲು ಬಲ್ಲ ಯುವಕರು ನಮ್ಮಲ್ಲಿ ಎಷ್ಟಿದ್ದಾರೆ? ಸಹಿ ಬೀಳುವವರೆಗೆ ಕಾಯದೆ ಈ ತರಬೇತಿಯನ್ನು ಊರೂರಿನ ಸಂಘಗಳು ಇಂದೇ ಆರಂಭಿಸಬಹುದು. ಅದಕ್ಕೆ ಯಾವ ರಾಜ್ಯಪಾಲರ ಅಂಕಿತವೂ ಬೇಕಿಲ್ಲ.

ರಾಜಾಜಿನಗರಕ್ಕೆ ತಾಗಿಕೊಂಡೇ ಬಸವೇಶ್ವರನಗರವಿದೆ. 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದೂ, ಜಾತಿಯ ತಾರತಮ್ಯದ ವಿಷಯದಲ್ಲಿ ಅರಸನಿಗೆ ಸೊಪ್ಪುಹಾಕದೆ ಅಧಿಕಾರವನ್ನೇ ಬಿಟ್ಟು ನಡೆದವರ ಹೆಸರು ಅದಕ್ಕಿದೆ. ಒಬ್ಬರು ಅಧಿಕಾರದಲ್ಲಿದ್ದು ತಮ್ಮ ವಾದ ಸೋತದ್ದನ್ನು ಒಪ್ಪಿದರು, ಇನ್ನೊಬ್ಬರು ನ್ಯಾಯಕ್ಕಾಗಿ ಅಧಿಕಾರವನ್ನೇ ತೊರೆದರು. ಅಧಿಕಾರ ಅಮಾನತ್ತು, ಕೈಗೆ ಬಂದದ್ದನ್ನು ಒಂದು ದಿನ ಲೆಕ್ಕಸಮೇತ ಹಿಂತಿರುಗಿಸಬೇಕು ಎಂಬ ಅರಿವು ಇಬ್ಬರಲ್ಲೂ ಇತ್ತು. ರಾಜಭವನದಲ್ಲಿ ಕುಳಿತವರಿಗೂ, ವಿಧಾನಸೌಧದಲ್ಲಿ ಕುಳಿತವರಿಗೂ, ನಮ್ಮ ಮೊಹಲ್ಲಾದ ಕಮಿಟಿಗಳಲ್ಲಿ ಕುಳಿತವರಿಗೂ ಆ ಅರಿವನ್ನು ನೆನಪಿಸುತ್ತಲೇ ಇರುವುದು ನಾಗರಿಕರಾದ ನಮ್ಮೆಲ್ಲರ ಹೊಣೆ.